ಸೂಪರ್‌ಹೀರೋ ಕಾಮಿಕ್ಸ್ ಕನ್ನಡದಲ್ಲೂ ಬರಲಿ

ಮಾನ್ಯ ಸಂಪಾದಕರೇ,

ಕಾಮಿಕ್ಸ್ ಅಂದ್ರೆ ಬರೀ ಚಿಕ್ಕ ಮಕ್ಕಳ ಓದು ಅಂತ ಈಗಲೂ ಎಷ್ಟೋ ಜನ ತಿಳಿದಿದ್ದಾರೆ. ಈಚೆಗೆ ಬಂದಿರುವ ಸೂಪರ್‌ಹೀರೋ ಕಾಮಿಕ್ಸ್ ಓದಿದರೆ ಆ ಮಾತು ಬಿಡುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ಮಾರ್ವೆಲ್ ಕಂಪನಿಯವರ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’. 2024ರ ಜನವರಿಯಲ್ಲಿ ಶುರುವಾದ ಸರಣಿ, ಬರೆದವರು ಜೋನಾಥನ್ ಹಿಕ್‌ಮನ್. ಇಲ್ಲಿ ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಕಾಲೇಜು ಹುಡುಗ ಅಲ್ಲ. ಗಡ್ಡ ಬಿಟ್ಟಿದ್ದಾನೆ, ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ಜೇಡದ ಶಕ್ತಿ ಸಿಗುವುದೇ ಈ ವಯಸ್ಸಿನಲ್ಲಿ. ಬೇಕೋ ಬೇಡವೋ ಅಂತ ಅವನೇ ತೀರ್ಮಾನ ಮಾಡಬೇಕು, ಹಿಂದೆ ಒಂದು ಸಂಸಾರ ಇದೆಯಲ್ವಾ. ಹಳೆಯ ಸರಣಿಯಲ್ಲಿ 1987ರಲ್ಲಿ ಅವನಿಗೂ ಅವನ ಪ್ರೇಯಸಿ ಮೇರಿ ಜೇನ್‌ಗೂ ಮದುವೆ ಮಾಡಿಸಿ, 2007ರಲ್ಲಿ ಒಬ್ಬ ಸೈತಾನನ ಜೊತೆ ಒಪ್ಪಂದ ಮಾಡಿಸಿ, ಆ ಮದುವೆ ಆಗೇ ಇಲ್ಲ ಅಂತ ಅಳಿಸಿಹಾಕಿದ್ದರು. ಓದುಗರಿಗೆ ಆ ಸಿಟ್ಟು ಹೋಗಿರಲಿಲ್ಲ.

ಇನ್ನೊಂದು ವಿಷಯ, ಇದು ಪತ್ರಿಕೆಯವರಾದ ನಿಮಗೆ. ಹಳೆಯ ಕತೆಯಲ್ಲಿ ಸಾಯುವ ಪೀಟರ್‌ನ ಬೆನ್ ಅಂಕಲ್ ಈ ಕತೆಯಲ್ಲಿ ಸತ್ತಿಲ್ಲ. ಡೈಲಿ ಬ್ಯೂಗಲ್ ಪತ್ರಿಕೆ ವಿಲ್ಸನ್ ಫಿಸ್ಕ್ ಎಂಬ ದುಷ್ಟ ಸಾಹುಕಾರನ ಕೈ ಸೇರಿ, ನಿಜ ಬರೆಯೋಕೆ ಆಗಲ್ಲ ಅಂತ ಗೊತ್ತಾದಾಗ ಅಲ್ಲಿನ ಪತ್ರಕರ್ತರಾದ ಬೆನ್ ಮತ್ತು ಜೇಮ್ಸನ್ ಇಬ್ಬರೂ ಕೆಲಸ ಬಿಟ್ಟು ತಮ್ಮದೇ ಒಂದು ಪತ್ರಿಕೆ ಕಟ್ಟುತ್ತಾರೆ. ಆ ಇಬ್ಬರು ವಯಸ್ಸಾದವರು ಕೂತು ಮಾತಾಡುವ ಪುಟಗಳು ಹೊಡೆದಾಟದ ಪುಟಗಳಿಗಿಂತ ಚೆನ್ನಾಗಿವೆ. ನೀವು ಓದಲೇಬೇಕು.

ಡಿಸಿ ಕಂಪನಿಯವರ ‘ಅಬ್ಸಲ್ಯೂಟ್’ ಸರಣಿಯೂ 2024ರ ಅಕ್ಟೋಬರ್‌ನಲ್ಲೇ ಶುರುವಾಯಿತು. ಅದರ ಬ್ಯಾಟ್‌ಮ್ಯಾನ್ ಬಳಿ ದುಡ್ಡಿಲ್ಲ, ಬಂಗಲೆ ಇಲ್ಲ. ಅಪ್ಪ ಸ್ಕೂಲ್ ಮೇಷ್ಟ್ರಾಗಿದ್ದವರು, ಮಗ ಎಂಜಿನಿಯರ್. ದುಡ್ಡಿರುವುದು ಅವನ ಶತ್ರು ಜೋಕರ್ ಹತ್ತಿರ. ಸೂಪರ್‌ಮ್ಯಾನ್ ಅಂತೂ ತಾನು ಹುಟ್ಟಿದ ಕ್ರಿಪ್ಟಾನ್ ಗ್ರಹದಲ್ಲಿ ದುಡಿಯುವವರ ಮನೆಯ ಮಗ. ಭೂಮಿಗೆ ಬಂದವನು ಬ್ರೆಜಿಲ್‌ನ ಗಣಿ ಕೆಲಸಗಾರರ ಪರ ನಿಂತು ಒಂದು ದೊಡ್ಡ ಕಂಪನಿಯನ್ನು ಎದುರು ಹಾಕಿಕೊಳ್ಳುತ್ತಾನೆ. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬೆಳೆದ ಹುಡುಗರಿಗೆ ಈ ಸೂಪರ್‌ಮ್ಯಾನ್ ಯಾರು ಅಂತ ವಿವರಿಸಿ ಹೇಳಬೇಕಾಗಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಈ ಬ್ಯಾಟ್‌ಮ್ಯಾನ್ ಕೊಡಲಿ ಹಿಡಿದು ಮೊದಲ ಸಂಚಿಕೆಯಲ್ಲೇ ಒಬ್ಬನ ಕೈ ಕಡಿಯುತ್ತಾನೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ಒಂದೇ ಸಂಚಿಕೆಗೆ ಹತ್ತಾರು ಮುಖಪುಟ ಮಾಡಿ ಮಾರುವುದು ಓದುಗರ ಜೇಬಿಗೆ ಕೈ ಹಾಕುವ ಕೆಲಸ. 2025ರಲ್ಲಿ ಎರಡೂ ಕಂಪನಿ ಸೇರಿ ಮಾರ್ವೆಲ್‌ನ ಡೆಡ್‌ಪೂಲ್ ಮತ್ತು ಡಿಸಿಯ ಬ್ಯಾಟ್‌ಮ್ಯಾನ್‌ನ ಒಟ್ಟಿಗೆ ತಂದರು, ಸದ್ದು ಜಾಸ್ತಿ, ಕತೆ ಕಮ್ಮಿ.

ಆದರೆ ನನ್ನ ದೊಡ್ಡ ಬೇಸರ ಬೇರೆ. ಇವು ಯಾವುವೂ ಕನ್ನಡದಲ್ಲಿ ಇಲ್ಲ. ಚಿಕ್ಕಮಗಳೂರಿನಲ್ಲಿ ಇಂಗ್ಲಿಷ್ ಪ್ರತಿ ಬೇಕಂದರೂ ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲ ಬೆಂಗಳೂರಿಗೆ ಹೋದವರಿಗೆ ಹೇಳಿ ಕಳಿಸಬೇಕು. ಸರ್ಕಾರಿ ಶಾಲೆಯಲ್ಲಿ ಓದುವ ಹುಡುಗನಿಗೆ ಎರಡೂ ಆಗದ ಮಾತು. ಅವನಿಗೆ ಸ್ಪೈಡರ್‌ಮ್ಯಾನ್ ಅಂದರೆ ಬ್ಯಾಗ್ ಮೇಲಿನ ಚಿತ್ರ ಅಷ್ಟೇ.

ಕನ್ನಡದಲ್ಲಿ ಆಗಲ್ಲ ಅನ್ನುವವರಿಗೆ ಒಂದು ಮಾತು. ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬಂದಿದ್ದು ಕನ್ನಡದಲ್ಲಿ, ಬೆಂಗಳೂರಿನಿಂದ, ಅದೂ ಹೊರದೇಶದ ಕತೆಗಳು. ಆಮೇಲೆ ಅದನ್ನು ದೇಶಕ್ಕೆಲ್ಲ ಮುಟ್ಟಿಸಿದ ಅನಂತ ಪೈ ಇಲ್ಲೇ ಘಟ್ಟದ ಕೆಳಗಿನ ಕಾರ್ಕಳದವರು. ಬಾಲಮಂಗಳ ಪತ್ರಿಕೆಯ ಕಾಮಿಕ್ಸ್ ಹೀರೋ ಡಿಂಗನಿಗಾಗಿ ಅಂಗಡಿ ಮುಂದೆ ಕಾದವರು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಶಿಕಾರಿ ಕತೆಗಳನ್ನು ಕನ್ನಡಕ್ಕೆ ತಂದರು, ಮಲೆನಾಡಿನ ಮನೆಮನೆಯಲ್ಲಿ ಓದಿದರು. 2023ರಲ್ಲಿ ಸ್ಪೈಡರ್‌ಮ್ಯಾನ್ ಕಾರ್ಟೂನ್ ಸಿನಿಮಾ ಕನ್ನಡದಲ್ಲೇ ಬಂತು. ತಮಿಳಿನವರು ಶಿವಕಾಶಿಯಿಂದ 1972ರಲ್ಲೇ ಮುತ್ತು ಕಾಮಿಕ್ಸ್, 1984ರಲ್ಲಿ ಲಯನ್ ಕಾಮಿಕ್ಸ್ ಶುರು ಮಾಡಿ ಯುರೋಪಿನ ಕಾಮಿಕ್ಸ್ ತಮಿಳಿನಲ್ಲಿ ತರುತ್ತಾ ಬಂದಿದ್ದಾರೆ. ಅಲ್ಲಿ ಓದುವವರು ಇದ್ದಾರೆ, ಇಲ್ಲಿ ಇಲ್ಲ ಅಂದರೆ ನಾನು ನಂಬಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕಾಮಿಕ್ಸ್‌ಗೆ ಬಿಡಿ. ಹಕ್ಕು ಪಡೆದು ಸ್ಪೈಡರ್‌ಮ್ಯಾನ್ ಧಾರಾವಾಹಿ ಹಾಕಿದರೆ ತುಂಬಾ ಸಂತೋಷ. ಅದು ದುಬಾರಿ ಆದರೆ ನಮ್ಮ ಹುಡುಗರಿಂದಲೇ ಬರೆಸಿ, ಚಿತ್ರ ಬಿಡಿಸುವವರಿಗೆ ಇಲ್ಲಿ ಬರವಿಲ್ಲ. ಬಣ್ಣ ಇಲ್ಲದಿದ್ದರೂ ಪರವಾಗಿಲ್ಲ, ಕಪ್ಪು ಬಿಳುಪಿನಲ್ಲೇ ಹಾಕಿ. ವಾರ ತಪ್ಪಿಸಬೇಡಿ.

— ಒಬ್ಬ ಓದುಗ, ಚಿಕ್ಕಮಗಳೂರು