ಹೆಸರು ಹೇಳದೆ ಹೋದ ಹಿರಿಯರಿಗೆ

ಇಟಲಿ, ಕ್ರೊಯೇಷಿಯಾ ನಡುವಿನ ಏಡ್ರಿಯಾಟಿಕ್ ಸಮುದ್ರದ ಕ್ರೂಸ್‌ಗೆ ಹೊರಟ ನಮ್ಮವರ ಕಾಗದಪತ್ರ ನೋಡಿಕೊಟ್ಟ ಹಿರಿಯರೇ, ನಿಮಗೆ ಕೈಮುಗಿದು ಧನ್ಯವಾದ.

ಎಲ್ಲಕ್ಕಿಂತ ಮೊದಲು ನೀವು ನೋಡಿದ್ದು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಸಿಂಗಲ್ ಎಂಟ್ರಿಯೋ, ಮಲ್ಟಿಪಲ್ಲೋ, ಅಂದರೆ ಒಂದೇ ಸಲ ಒಳಬರಲೋ, ಹಲವು ಸಲವೋ ಎಂಬುದನ್ನು. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ವಲಯದಲ್ಲಿದೆ, ಪಕ್ಕದ ಮಾಂಟೆನೆಗ್ರೊ ದೇಶದ ಬಂದರು ಕೋಟರ್ ಅದರಲ್ಲಿಲ್ಲ. ಹಾಗಾಗಿ ಷೆಂಗೆನ್ ವಲಯದ್ದೇ ಆದ ಇಟಲಿಯಿಂದ ಹೊರಟು ಕೋಟರ್ ನೋಡಿ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಬಂದರೆ ಅದು ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ವೀಸಾದವರಿಗೆ ಚೆಕ್-ಇನ್‌ನಲ್ಲೇ ತಡೆ ಬೀಳಬಹುದು; ಸೂಟ್ ರೂಮಿಗೆ ಎಷ್ಟು ಲಕ್ಷ ಕಟ್ಟಿದ್ದರೂ ಅಷ್ಟೇ.

ಟಿಕೆಟ್‌ನಲ್ಲಿ 'ವೆನಿಸ್' ಎಂದಿದ್ದರೂ ಬಂದರಿನ ಹೆಸರು ಓದಿಸಿದಿರಿ. 2021ರ ಆಗಸ್ಟ್‌ನಿಂದ 25,000 ಟನ್ ಮೀರಿದ ಹಡಗುಗಳಿಗೆ ವೆನಿಸ್ ಊರೊಳಗಿನ ಜುದೆಕ್ಕಾ ಕಾಲುವೆ ಬಂದ್. ಎಷ್ಟೋ ಹಡಗುಗಳು ದೂರದ ರವೆನ್ನಾ ಬಂದರಿನಿಂದ ಹೊರಡುತ್ತವೆ. ವೆನಿಸ್ ಹೋಟೆಲಿನಲ್ಲಿ ನಿಧಾನಕ್ಕೆ ತಿಂಡಿ ತಿಂದು ಹೊರಟರೆ ಹಡಗು ಸಿಗುವುದು ಅನುಮಾನವೇ.

ಡುಬ್ರೊವ್ನಿಕ್‌ನಲ್ಲಿ ಹಡಗು ನಿಲ್ಲುವುದು ಗ್ರೂಜ್ ಬಂದರಿನಲ್ಲಿ. ಹಳೇ ಊರಿನ ಪಿಲೆ ಬಾಗಿಲಿಗೆ ಸುಮಾರು ಮೂರು ಕಿ.ಮೀ., ಸಿಟಿ ಬಸ್ ಸಾಕು. ಕೋಟೆಗೋಡೆ 1,940 ಮೀಟರ್, ಮೆಟ್ಟಿಲು ಬಹಳ, ನೆರಳು ಕಡಿಮೆ, ಬೆಳಿಗ್ಗೆಯೇ ಹತ್ತಬೇಕು. ಮಂಡಿನೋವಿನವರನ್ನು ಕೆಳಗೇ ಕೂರಿಸಿ ಎಂದಿರಲ್ಲ, ಆ ಮಾತಿಗೆ ಮನೆಯ ಅಜ್ಜಿಯರೆಲ್ಲರ ಪರವಾಗಿ ಇನ್ನೊಂದು ನಮಸ್ಕಾರ.