ತೋಟಕ್ಕೆ ಎಟಿವಿ: ಹೊಸದೋ, ಹಳೆಯದೋ?

ಮಾನ್ಯ ಸಂಪಾದಕರೇ,

ಗೋವಾದ ಸತ್ತರಿ, ಪೋಂಡಾ ಕಡೆ ಅಡಿಕೆ, ಗೇರು ತೋಟ ಮಾಡುವ ನಮ್ಮ ಕನ್ನಡದವರು ಗೊಬ್ಬರ, ಪೈಪು, ಕಾಯಿ ಚೀಲ ಸಾಗಿಸಲು ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ, ದಪ್ಪ ಟೈರಿನ ನಾಲ್ಕು ಚಕ್ರದ ಸಣ್ಣ ಗಾಡಿ) ತಗೊಳ್ಳುವ ಮಾತಾಡುತ್ತಾರೆ. ಅವರಿಗಾಗಿ ಈ ಪತ್ರ.

ಬೀಚಿನಲ್ಲಿ ಪ್ರವಾಸಿಗರ ಸವಾರಿಗೆ ಓಡಿಸಿದ ಹಳೆ ಗಾಡಿ ಮಾತ್ರ ಬೇಡವೇ ಬೇಡ. ಉಪ್ಪುನೀರು, ಮರಳು ಸೇರಿ ಚಾಸಿಯ ಬೆಸುಗೆ, ಬೇರಿಂಗ್, ವೈರಿಂಗ್ ಎಲ್ಲವನ್ನೂ ತಿನ್ನುತ್ತವೆ. ಮೇಲೆ ಹೊಸ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ, ಅದಕ್ಕೇ ಗಾಡಿಯ ಅಡಿಗೆ ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ತೋಟದಲ್ಲೇ ದುಡಿದ ಗಾಡಿಯಾದರೆ ಪರವಾಗಿಲ್ಲ. ಆದರೆ ಕಿಲೋಮೀಟರ್ ಒಂದನ್ನೇ ನಂಬಬೇಡಿ, ಎಂಜಿನ್ ಎಷ್ಟು ಗಂಟೆ ಓಡಿದೆ ಕೇಳಿ. ನಿಧಾನಕ್ಕೆ ಭಾರ ಎಳೆಯುವ ಗಾಡಿಗೆ ಅದೇ ಸರಿಯಾದ ಲೆಕ್ಕ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಹಾಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ, ಸುಮ್ನೆ ವಾಪಸ್ ಬನ್ನಿ. ಚಕ್ರ ಎತ್ತಿ ಅಲ್ಲಾಡಿಸಿ, ಆಕ್ಸಲ್‌ನ ರಬ್ಬರ್ ಬೂಟ್ (ಹೊದಿಕೆ) ಹರಿದಿದೆಯಾ ನೋಡಿ, ಫೋರ್ ವೀಲ್ ಡ್ರೈವ್ ಹಾಕಿ ಏರು ಹತ್ತಿಸಿ. ಡ್ರೈವ್ ಬೆಲ್ಟ್ ಸವೆದಿದ್ದರೆ ಬೆಲೆ ಇಳಿಸಿ ಕೇಳಿ.

ಹೊಸದಕ್ಕೆ ವಾರಂಟಿ ಇರುತ್ತದೆ, ನಿಜ. ಹತ್ತಿರ ಸರ್ವಿಸ್ ಇಲ್ಲದಿದ್ದರೆ, ಮಳೆಗಾಲದಲ್ಲಿ ಬಿಡಿಭಾಗಕ್ಕೆ ಕಾಯುತ್ತಾ ಕೂತರೆ, ಅದರಿಂದ ಏನು ಬಂತು? ದಿನವೂ ದುಡಿಸುವವರು, ರಿಪೇರಿ ಗೊತ್ತಿಲ್ಲದವರು ಹೊಸದನ್ನೇ ತಗೊಳ್ಳಲಿ. ಅಪರೂಪಕ್ಕೆ ಬಳಸುವವರಿಗೆ ಒಳ್ಳೆಯ ಹಳೆಯದು ಸಾಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಬಹುತೇಕ ಎಟಿವಿಗಳನ್ನು ನಮ್ಮ ದೇಶದಲ್ಲಿ ರಸ್ತೆಗೆ ಇಳಿಸಲು ನೋಂದಣಿ ಸಿಗುವುದಿಲ್ಲ. ಎರಡು ತೋಟಗಳ ನಡುವೆ ಡಾಂಬರು ರಸ್ತೆ ಇದ್ದರೆ ಮಾರುವವರ ಮಾತು ನಂಬದೆ, ದುಡ್ಡು ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಒಬ್ಬ ಓದುಗ, ಪೋಂಡಾ, ಗೋವಾ