ಬ್ಯಾಂಡ್ ಬಿಡುವ ಮುಂಚೆ ಇಷ್ಟು ಓದು

ತುಮರಿ

ಚಿ. ಅನಿಗೆ ಸೋದರಮಾವನ ಆಶೀರ್ವಾದ.

ನಿನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ನೀನು ಬ್ಯಾಂಡ್ ಬಿಡ್ತೀನಿ ಅಂತ ಕೂತಿದ್ದೀಯಂತೆ. ಆ ಗದ್ದಲ ಒಂದು ತಪ್ಪಿತಲ್ಲ ಅಂತ ಅವಳಿಗೆ ಒಳಗೊಳಗೇ ಖುಷಿ. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ. ಎಂಟು ನಿಮಿಷದ ಹಾಡನ್ನು ನಾಲ್ಕಕ್ಕೆ ಇಳಿಸಿದರು, ಗಂಟಲು ಹರಿಯುವ ಹಾಗೆ ಅರಚುವುದು ಬಿಟ್ಟು ಕನ್ನಡದ ಮಾತು ಕಿವಿಗೆ ಬೀಳುವ ಹಾಗೆ ಹಾಡಿದರು ಅಂತ ಜೊತೆಯವರ ಮೇಲೆ ಸಿಟ್ಟಂತೆ. 'ಮಾರಿಕೊಂಡರು' ಅಂದೆಯಂತೆ.

ಈ ಮಾತು ನಾನು ಮೊದಲು ಕೇಳಿದ್ದು ಶಿವಮೊಗ್ಗದ ಹಾಸ್ಟೆಲಿನಲ್ಲಿ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಆ ಕಪ್ಪು ಆಲ್ಬಂ ಬಂದಿದ್ದು 1991ರ ಆಗಸ್ಟಿನಲ್ಲಿ. ಅದರ ಕ್ಯಾಸೆಟ್ ನಮ್ಮ ರೂಮಿಗೆ ಮುಟ್ಟುವಾಗ ಮರುವರ್ಷದ ಮಳೆಗಾಲ. ಹಳೆಯ ಆಲ್ಬಮ್ಮುಗಳಿಗೆ ಪ್ರಾಣ ಬಿಡುತ್ತಿದ್ದ ನನ್ನ ರೂಮ್‌ಮೇಟ್ ಎರಡೇ ಹಾಡು ಕೇಳಿ, 'ಥೂ, ಮಾರಿಕೊಂಡರು' ಅಂತ ಕ್ಯಾಸೆಟ್ಟನ್ನು ನನ್ನ ಹಾಸಿಗೆಗೆ ಎಸೆದ. ಪುಕ್ಕಟೆ ಸಿಕ್ಕಿತು ಅಂತ ನಾನು ಕೇಳಿದೆ.

ಅದಕ್ಕೆ ಮೊದಲು ಬಂದ ಅವರ 1988ರ ಆಲ್ಬಮ್ಮಿನ ಶೀರ್ಷಿಕೆ ಹಾಡು ಹತ್ತು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಅದನ್ನು ವೇದಿಕೆಯಲ್ಲಿ ನುಡಿಸುವಾಗ ಮುಂದಿನ ಸಾಲಿನವರು ಆಕಳಿಸುತ್ತಿದ್ದರು ಅಂತ ಅವರ ಗಿಟಾರಿಸ್ಟ್ ಕಿರ್ಕ್ ಹ್ಯಾಮೆಟ್ಟೇ ಒಪ್ಪಿಕೊಂಡಿದ್ದಾನೆ. ಮೇಲಿಂದ ಆ ಆಲ್ಬಮ್ಮಿನಲ್ಲಿ ಜೇಸನ್ ನ್ಯೂಸ್ಟೆಡ್‌ನ ಬಾಸ್ ಗಿಟಾರ್ ಕೇಳುವುದೇ ಇಲ್ಲ. ಮದ್ದಳೆಯಿಲ್ಲದೆ ಬರೀ ಚಂಡೆಯಲ್ಲೇ ಯಕ್ಷಗಾನದ ಆಟ ಮುಗಿಸಿದ ಹಾಗೆ. ಆಮೇಲೆ ಬಂದ ನಿರ್ಮಾಪಕ ಬಾಬ್ ರಾಕ್, ಬೇರೆ ಬೇರೆ ಕೂತು ರೆಕಾರ್ಡ್ ಮಾಡುತ್ತಿದ್ದವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಟ್ಟಿಗೆ ನುಡಿಸಿದ. 'ಎಂಟರ್ ಸ್ಯಾಂಡ್‌ಮನ್' ಒಂದೇ ಒಂದು ರಿಫ್ಫಿನ, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕಿನ, ಮೇಲೆ ನಿಂತ ಹಾಡು, ಐದೂವರೆ ನಿಮಿಷ. ಅಂಥ 'ಸುಲಭದ' ಆಲ್ಬಮ್ಮಿಗೆ 1990ರ ಅಕ್ಟೋಬರಿನಿಂದ ಮುಂದಿನ ಜೂನಿನವರೆಗೆ ಸ್ಟುಡಿಯೋದಲ್ಲಿ ತಲೆ ಚಚ್ಚಿಕೊಂಡರು. ಮಾರಿಕೊಳ್ಳುವವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಮಾರಾಯ.

ನಿನಗೆ ಯಾರೂ ಹೇಳಿರದ ಒಂದು ಕಥೆ ಇದೆ. ನಾನು ಊರಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಮದ್ದಳೆಗೆ ಕೂರುತ್ತಿದ್ದೆ. ಬೆಳಗಿನ ತನಕ ಆಟ ನೋಡುವವರು ಕಮ್ಮಿಯಾದರು, ಅರ್ಧ ರಾತ್ರಿಗೆ ಮುಗಿಸುವ ಕಾಲಮಿತಿ ಬಂತು. ಕಥೆಗೆ ಮೊದಲು ಬರುವ ಪೂರ್ವರಂಗ ಕತ್ತರಿಸಿದರು, ಪಾತ್ರಗಳು ಮೊದಲ ಸಲ ರಂಗಕ್ಕೆ ಬರುವ ಒಡ್ಡೋಲಗ ಮೊಟಕು ಮಾಡಿದರು. ಇದು ಯಕ್ಷಗಾನವೇ ಅಲ್ಲ ಅಂತ ಕೂಗಾಡಿ ಎದ್ದು ಬಂದೆ. ಯಾರೂ ಕರೆಯಲು ಬರಲಿಲ್ಲ. ಮದ್ದಳೆ ಅಟ್ಟ ಸೇರಿತು, ಚರ್ಮ ಇಲಿಯ ಪಾಲಾಯಿತು. ಎಷ್ಟೋ ವರ್ಷದ ಮೇಲೆ ಅದೇ ತಂಡದ ಆಟ ನೋಡಿದೆ. ಭಾಗವತರು ನಿಧಾನ ಏಕತಾಳದಲ್ಲಿ ಒಂದು ಪದ ಎತ್ತಿದರು, ನನ್ನ ಜಾಗದಲ್ಲಿ ಕೂತಿದ್ದ ಹುಡುಗ ಒಂದು ಪೆಟ್ಟೂ ಹೆಚ್ಚಿಗೆ ಹಾಕಲಿಲ್ಲ. ನನಗೆ ಅದು ಬರುತ್ತಿರಲಿಲ್ಲ ಅನಿ. ಬಿರುಸಿನ ಬಾರಿಸುವಿಕೆಯ, ಬಿಡ್ತಿಗೆಯ ಅಬ್ಬರದಲ್ಲಿ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು, ನಿಧಾನದಲ್ಲಿ ತಪ್ಪಿದರೆ ಕವಳ ಮೆಲ್ಲುತ್ತಾ ಕೂತ ಮುದುಕನಿಗೂ ಗೊತ್ತಾಗುತ್ತದೆ. ನಾನು ಎದ್ದು ಬಂದಿದ್ದು ಯಕ್ಷಗಾನಕ್ಕೋ, ಆ ಹೆದರಿಕೆಗೋ?

ಹಾಗಂತ ಎಲ್ಲದಕ್ಕೂ ತಲೆಯಾಡಿಸು ಅನ್ನುತ್ತಿಲ್ಲ. 1996ರಲ್ಲಿ ಅವರೇ ಕೂದಲು ಕತ್ತರಿಸಿ 'ಲೋಡ್' ತಂದರಲ್ಲ, ಅದು ನನಗೆ ಇವತ್ತಿಗೂ ಸಪ್ಪೆ ಸಾರು. ನಿಮ್ಮವರು ಹಾಡಿನ ಭಾರವನ್ನೇ ಇಳಿಸಿದರೆ ಜಗಳ ಆಡು. ಉದ್ದ ಇಳಿಸಿದ್ದಕ್ಕೆ ಆಡಬೇಡ. ಎರಡು ಹಾಡು ಅವರ ಲೆಕ್ಕದಲ್ಲೇ ನುಡಿಸಿ, ರೆಕಾರ್ಡ್ ಮಾಡಿ ನನಗೆ ಕಳಿಸು. ಹೊಗಳುವುದಿಲ್ಲ, ಕೇಳುತ್ತೇನೆ.

ಅಡಿಕೆ ಕೊನೆಕೊಯ್ಲಿಗೆ ಬಾ, ಗಿಟಾರ್ ತಾ. ಈಗ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕಷ್ಟವಿಲ್ಲ, 2025ರ ಜುಲೈಯಿಂದ ಸೇತುವೆಯ ಮೇಲೇ ಬಸ್ಸು ಬರುತ್ತದೆ. ಮದ್ದಳೆಗೆ ಹೊಸ ಚರ್ಮ ಹಾಕಿಸಲು ಕೊಟ್ಟಿದ್ದೇನೆ. ಅಮ್ಮನಿಗೆ ಈ ವಿಷಯ ಹೇಳಬೇಡ, ನಗುತ್ತಾಳೆ.

ಇತಿ,
ನಿನ್ನ ಮಾವ